ಹಾಡಿನ ಪಕ್ಕದ ಬಾಕ್ಸು

ಶ್ರದ್ಧಾಂಜಲಿ ಸಭೆಗಳಲ್ಲಿ ಸ್ವಲ್ಪ ಸುಳ್ಳು ನಡೆಯುತ್ತದೆ. ಸತ್ತವರು ಮುಂಗೋಪಿಯಾಗಿದ್ದರೆ ‘ನೇರ ನಡೆನುಡಿ’ ಎನ್ನುತ್ತಾರೆ, ಯಾರ ಮಾತೂ ಕೇಳದವರಾಗಿದ್ದರೆ ‘ಸ್ವಾಭಿಮಾನಿ’ ಎನ್ನುತ್ತಾರೆ. ಅಷ್ಟಕ್ಕೇ ನಿಂತಿದ್ದರೆ ನಾನೂ ಕೊಟ್ಟ ಕಾಫಿ ಕುಡಿದು ಸುಮ್ಮನೆ ಎದ್ದು ಬರುತ್ತಿದ್ದೆ. ಆದರೆ ಮಡಿಕೇರಿಯ ಆ ಸಭೆಯಲ್ಲಿ, ಜನಪದ ಹಾಡಿನ ಪುಸ್ತಕ ತಂದ ಸಮಿತಿಯ ಕಾರ್ಯದರ್ಶಿಗಳು ಹಾರ ಹಾಕಿದ ಫೋಟೋದ ಪಕ್ಕ ನಿಂತು, ಮೈಕು ಸರಿಮಾಡಿಕೊಂಡು, “ಅವರದು ಹಳೇ ಕಾಲದ ಮನಸ್ಸು. ಕಂಪ್ಯೂಟರಿನ ಹೊಸ ವಿಧಾನ ಅವರಿಗೆ ಒಗ್ಗಲಿಲ್ಲ. ಆದರೂ ನಮ್ಮ ಹಾಡಿನ ಪುಸ್ತಕ ಡಿಜಿಟಲ್ ಆಗುವುದಕ್ಕೆ ಅವರು ಅಡ್ಡ ಬರಲಿಲ್ಲ, ಅದು ಅವರ ದೊಡ್ಡತನ” ಎಂದರು. ಮುಂದಿನ ಸಾಲಿನವರು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದು ಹೋಯಿತು.

ಅಡ್ಡ ಬರಲಿಲ್ಲವಂತೆ! ಬಂದಿದ್ದರು. ಇದೇ ಕಾರ್ಯದರ್ಶಿಗಳ ಮೇಜಿನ ಎದುರು ನಿಂತು, ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನೋಡುವಷ್ಟು ಗಟ್ಟಿಯಾಗಿ ಕೂಗಿ ಅಡ್ಡ ಬಂದಿದ್ದರು. ಅವರು ಅಡ್ಡ ನಿಂತದ್ದು ಕಂಪ್ಯೂಟರಿಗಲ್ಲ. ಯಾವುದಕ್ಕೆ ಎನ್ನುವುದನ್ನು ಯಾರಾದರೂ ಬರೆದಿಡಬೇಕು. ಬೇರೆ ಯಾರೂ ಬರೆಯುವ ಲಕ್ಷಣ ಕಾಣದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅವರು ಮಡಿಕೇರಿಯ ಒಂದು ಮುದ್ರಣಾಲಯದಲ್ಲಿ ಪುಟ ಕಟ್ಟುತ್ತಿದ್ದವರು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸೇರಿ, ಕಂಪ್ಯೂಟರ್ ಬಂದ ಮೇಲೆ ಡಿಟಿಪಿ ಕಲಿತು, ಮದುವೆ ಕಾಗದದಿಂದ ಹಿಡಿದು ದಪ್ಪ ಪುಸ್ತಕದವರೆಗೆ ಎಲ್ಲಕ್ಕೂ ಪುಟ ಮಾಡಿದವರು. ಅವರ ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಒಕ್ಕಲು ಮನೆತನ. ಮಾತು ಕೊನೆಯವರೆಗೂ ಆ ಕಡೆಯದೇ ಆಗಿತ್ತು. ವಿನಯ ಎಂಬುದು ಅವರ ಬಳಿ ಹಾದುಹೋಗಿರಲಿಲ್ಲ. “ಈ ಜಿಲ್ಲೇಲಿ ಪುಟ ಕಟ್ಟಕ್ಕೆ ಬರೋದು ಒಬ್ಬನಿಗೇ, ಉಳಿದೋರೆಲ್ಲ ಅಕ್ಷರ ಸುರೀತಾರೆ” ಎಂದು ಹೊಸದಾಗಿ ಪರಿಚಯವಾದವರ ಮುಂದೆಯೂ ಹೇಳಿಬಿಡುತ್ತಿದ್ದರು. ಕೈಯಲ್ಲಿ ಸದಾ ಒಂದು ಸ್ಟೀಲು ಸ್ಕೇಲು. ಕಂಪ್ಯೂಟರಿನ ಪರದೆಯ ಮೇಲೂ ಅದನ್ನೇ ಇಟ್ಟು ಅಳೆಯುತ್ತಿದ್ದರು. ಅವರ ಪರದೆಯ ತುಂಬ ಬೆಕ್ಕು ಪರಚಿದ ಹಾಗೆ ಗೆರೆಗಳಿದ್ದವು. ಕಂಪ್ಯೂಟರಿನೊಳಗೇ ಅಳತೆಪಟ್ಟಿ ಇದೆ ಎಂದು ಯಾರಾದರೂ ಹೇಳಿದರೆ, “ಅದು ಅದರ ಅಳತೆ. ಇದು ನಂದು” ಎನ್ನುತ್ತಿದ್ದರು.

ನಾನು ಇದೇ ಜಿಲ್ಲೆಯ ಬಿಟ್ಟಂಗಾಲದವಳು. ಹಳೆಯ ಡಿಟಿಪಿ ಫೈಲುಗಳನ್ನು ಸ್ಕ್ರಿಪ್ಟ್ ಬರೆದು ಎಕ್ಸ್‌ಎಂಎಲ್‌ಗೆ ಪರಿವರ್ತಿಸುವುದು ನನ್ನ ಕಸುಬು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ‘ಇದನ್ನು ಹುಡುಕು, ಇದನ್ನು ಹೀಗೆ ಬದಲಿಸು’ ಎಂದು ಕೊಡುವ ಸೂಚನೆಗಳ ಸಾಲು. ಸಮಿತಿಯವರು ಬಹಳ ಹಿಂದೆ ಕೊಡಗಿನ ಹೆಂಗಸರ ಹಾಡುಗಳ ಒಂದು ಪುಸ್ತಕ ತಂದಿದ್ದರು. ನಾಟಿ ಹಾಡು, ಮದುವೆ ಹಾಡು, ತೊಟ್ಟಿಲ ಹಾಡು, ಎಸ್ಟೇಟಿನ ಕೂಲಿಯವರು ಲೈನ್ ಮನೆಗಳಲ್ಲಿ ಹೇಳುವ ಹಾಡು, ಎಲ್ಲ ಸೇರಿದ ಒಳ್ಳೆಯ ಪುಸ್ತಕ. ಅಚ್ಚಾದ ಪ್ರತಿಗಳು ಮುಗಿದು ಹೋಗಿದ್ದರಿಂದ ಅದನ್ನು ಪರಿವರ್ತಿಸಿಕೊಡುವ ಕೆಲಸ ನನಗೆ ಕೊಟ್ಟರು. ಇನ್ನು ಆ ಹಾಡುಗಳು ಫೋನಿಗೆ ಹೋಗಲಿ, ಶಾಲೆಗೆ ಹೋಗಲಿ, ಈ ಹೊಸ ಫೈಲಿನಿಂದಲೇ ಹೋಗಬೇಕು. ಪುಟ ಕಟ್ಟಿದ್ದವರು ಇವರು. ಹಾಗಾಗಿ ಫೈಲು ಕೇಳಿಕೊಂಡು ಅವರ ಮುಂದೆ ಹೋಗಿ ನಿಂತೆ.

“ಏನವ್ವಾ ಅದು ಎಕ್ಸ್‌ಎಂಎಲ್ ಅಂದ್ರೆ?” ಎಂದು ಕೇಳಿದರು.

ಪಠ್ಯದ ಪ್ರತಿ ತುಂಡಿಗೂ ಅದು ಏನು ಎಂದು ಟ್ಯಾಗ್ ಕಟ್ಟಿಡುವುದು, ಇದು ಶೀರ್ಷಿಕೆ, ಇದು ಹಾಡು, ಇದು ಟಿಪ್ಪಣಿ ಅಂತ, ಎಂದು ವಿವರಿಸಿದೆ.

“ಅಂದ್ರೆ ಕಾಫಿ ಚೀಲಕ್ಕೆ ಚೀಟಿ ಕಟ್ಟೋದು. ಚೆರ್ರಿ ಯಾವ್ದು, ಪಾರ್ಚ್‌ಮೆಂಟ್ ಯಾವ್ದು ಅಂತ ಬಿಚ್ಚಿ ನೋಡದೇನೇ ಗೊತ್ತಾಗ್ಬೇಕು. ಅಷ್ಟೇ ತಾನೆ?”

“ಅಷ್ಟೇ ಸಾರ್.”

“ಇಷ್ಟಕ್ಕೆ ಅದ್ಯಾಕವ್ವಾ ಇಂಗ್ಲಿಷಲ್ಲಿ ಹೆದರಿಸ್ತೀರಿ?” ಎಂದು ನಕ್ಕು, ಬೆಲ್ಲದ ಕರಿಕಾಫಿ ತರಿಸಿದರು. ಹಳೇ ಕಾಲದ ಮನಸ್ಸಂತೆ!

ಫೈಲು ತೆರೆದರೆ ಇನ್ನೊಂದು ಲೋಕ. ಡಿಟಿಪಿಯಲ್ಲಿ ಶೀರ್ಷಿಕೆಗೆ ಒಂದು, ಪಠ್ಯಕ್ಕೆ ಒಂದು ಎಂದು ‘ಸ್ಟೈಲು’ಗಳನ್ನು ಮಾಡಿ ಹೆಸರಿಡುತ್ತಾರೆ. ಆ ಹೆಸರು ನೋಡಿಯೇ ಸ್ಕ್ರಿಪ್ಟು ಯಾವ ಟ್ಯಾಗ್ ಕಟ್ಟಬೇಕೆಂದು ತಿಳಿಯುತ್ತದೆ. ಇವರ ಫೈಲಿನಲ್ಲಿ ಇದ್ದ ಹೆಸರುಗಳು ಯಜಮಾನ, ಸೊಸೆ, ಮಕ್ಕಳು, ಅಳಿಯ! ಯಜಮಾನ ಎಂದರೆ ಅಧ್ಯಾಯದ ಶೀರ್ಷಿಕೆ, ಮಕ್ಕಳು ಎಂದರೆ ಹಾಡಿನ ಸಾಲುಗಳು. ಉಪಶೀರ್ಷಿಕೆ ಯಾಕೆ ಸೊಸೆ ಎಂದು ಕೇಳಿದೆ. “ಪುಟದ ಕೊನೇಲಿ ಅವಳೊಬ್ಬಳನ್ನೇ ಬಿಡಂಗಿಲ್ಲ ಕಣವ್ವಾ, ಮಕ್ಕಳ ಜೊತೇಲೇ ಇರ್ಬೇಕು. ಇಲ್ದಿದ್ರೆ ನೋಡ್ದೋರು ಏನಂದಾರು?” ಅಡಿಟಿಪ್ಪಣಿಗೆ ಅಳಿಯ ಎಂಬ ಹೆಸರು ಯಾಕೆ? “ಬರೋದು ಅಪರೂಪ. ಬಂದ ಅಂದ್ರೆ ಮನೆಯೋರೆಲ್ಲ ಸರಿದು ಜಾಗ ಬಿಡ್ಬೇಕು.” ನಾನು ನಗುತ್ತ ನಗುತ್ತ ಆ ಸಂಸಾರವನ್ನೆಲ್ಲ ಸ್ಕ್ರಿಪ್ಟಿಗೆ ಇಳಿಸಿದೆ.

ಮೊದಲ ಸಲ ಓಡಿಸಿದಾಗ ಹಾಡುಗಳೆಲ್ಲ ಚೆನ್ನಾಗಿ ಬಂದವು. ಹಳೆಯ ಫಾಂಟಿನ ಅಕ್ಷರಗಳೂ ಯೂನಿಕೋಡಿಗೆ ಸರಿಯಾಗಿ ಹೊರಳಿದ್ದವು. ಖುಷಿಯಿಂದ ತೋರಿಸಲು ಹೋದರೆ ಅವರು ಮೇಲಿಂದ ಕೆಳಗೆ ಒಮ್ಮೆ ನೋಡಿ ಕನ್ನಡಕ ತೆಗೆದರು.

“ಹೆಂಗಸ್ರು ಎಲ್ಲಿ?”

ಹಾಡಿದ ಹೆಂಗಸರ ಹೆಸರುಗಳು ಒಂದೂ ಬಂದಿರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಪುಸ್ತಕದ ಮುಖ್ಯ ಪಠ್ಯ ಒಂದು ಪುಟದಿಂದ ಇನ್ನೊಂದಕ್ಕೆ ಎಳೆ ಹಿಡಿದ ಹಾಗೆ ಹರಿಯುತ್ತದೆ. ಸ್ಕ್ರಿಪ್ಟು ಆ ಎಳೆಯನ್ನೇ ಹಿಡಿದು ಹೋಗುತ್ತದೆ. ಇವರು ಹಾಡಿದವರ ಹೆಸರು, ಊರುಗಳನ್ನು ಆ ಎಳೆಯಲ್ಲಿ ಸೇರಿಸದೆ, ಪುಟದ ಅಂಚಿನಲ್ಲಿ ಹಾಡಿನ ಪಕ್ಕಕ್ಕೆ ಬಿಡಿ ಬಾಕ್ಸುಗಳಲ್ಲಿ ಇಟ್ಟಿದ್ದರು. ಅಂಥ ಬಿಡಿ ಬಾಕ್ಸುಗಳನ್ನು ಸ್ಕ್ರಿಪ್ಟು ಹೂಬಳ್ಳಿಯ ಅಲಂಕಾರ ಎಂದುಕೊಂಡು ದಾಟಿ ಹೋಗಿತ್ತು.

“ಎಲ್ಲರ ಹಾಗೆ ಹಾಡಿನ ಕೆಳಗೆ ಹಾಕಬಹುದಿತ್ತಲ್ಲ ಸಾರ್? ಈ ತೊಂದರೆಯೇ ಇರುತ್ತಿರಲಿಲ್ಲ.”

ಅವರಿಗೆ ಸಿಟ್ಟು ಬಂತು. “ಯಾಕೆ ಕೆಳಗೆ? ಗದ್ದೇಲಿ ದಿನವಿಡೀ ಬಗ್ಗಿ ನಿಂತು ಹಾಡ್ದೋರವ್ವಾ ಅವರು. ಪುಸ್ತಕದಲ್ಲೂ ಕಾಲಡೀಲಿ ಬಗ್ಗಿ ನಿಂತ್ಕೋಬೇಕಾ? ಹಾಡ್ದೋರು ಹಾಡಿನ ಪಕ್ಕ ಕೂತಿರ್ಬೇಕು, ಮೊದಲ್ನೇ ಸಾಲಿನ ಸಮಕ್ಕೆ. ನಾನು ಸುಮ್ನೆ ಇಟ್ಟಿಲ್ಲ ಆ ಬಾಕ್ಸ್ನ, ಸ್ಕೇಲಿಟ್ಟು ಕೂರ್ಸಿದೀನಿ.”

ಎಷ್ಟೋ ಪುಸ್ತಕಗಳನ್ನು ಪರಿವರ್ತಿಸಿದ್ದೆ ನಾನು. ಪುಟದಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದರಲ್ಲಿ ಮರ್ಯಾದೆಯ ಪ್ರಶ್ನೆ ಇದೆ ಎಂದು ಒಬ್ಬರೂ ನನಗೆ ಹೇಳಿರಲಿಲ್ಲ.

ಬಿಡಿ ಬಾಕ್ಸುಗಳನ್ನು ಹಿಡಿಯುವುದಕ್ಕೆ ಬೇರೆ ಸ್ಕ್ರಿಪ್ಟು ಬೇಕಾಯಿತು. ಪ್ರತಿ ಬಾಕ್ಸು ಪುಟದ ಮೇಲಂಚಿನಿಂದ ಎಷ್ಟು ಕೆಳಗಿದೆ ಎಂಬ ಅಳತೆ ಫೈಲಿನೊಳಗೆ ಇರುತ್ತದೆ. ಅದೇ ಎತ್ತರದಲ್ಲಿ ಯಾವ ಹಾಡು ಶುರುವಾಗುತ್ತದೋ ಅದಕ್ಕೆ ಆ ಹೆಸರನ್ನು ಕಟ್ಟಿದರಾಯಿತು. ಇದನ್ನು ಹೇಳಿದಾಗ ಅವರ ಮುಖ ಅರಳಿತು. “ನಿನ್ ಸ್ಕ್ರಿಪ್ಟೂ ಸ್ಕೇಲ್ ಹಿಡೀತದೆ ಅನ್ನು!” ಎಂದರು. ಅಂದಿನಿಂದ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದು ಶುರುವಾಯಿತು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ ಒಂದೊಂದು ಸಾಲಿನ ಅರ್ಥ ಕೇಳಿದರು. ತಪ್ಪು ತಿದ್ದಲು ಹೋಗಿ ಇನ್ನಷ್ಟು ಕೆಡಿಸಿದರು. ಕೆಡಿಸಿದ್ದು ಕಂಪ್ಯೂಟರೇ ಎಂದು ವಾದಿಸಿದರು. ಒಮ್ಮೆ ನಾನು ಅರ್ಧ ದಿನ ಕೂತು ಬರೆದದ್ದನ್ನು ಅಳಿಸಿ ಹಾಕಿ, “ಅದು ಬೇಕಿರಲಿಲ್ಲ ಬಿಡು” ಎಂದರು. ಜಗಳವಾಡಿ ಎದ್ದು ಬಂದಿದ್ದೆ. ಮಾರನೇ ದಿನ ಅವರೇ ಫೋನ್ ಮಾಡಿ, ಕ್ಷಮೆಗಿಮೆ ಏನೂ ಇಲ್ಲದೆ, “ಕಾಫಿ ಆರ್ತಾ ಇದೆ, ಬಾ” ಎಂದರು.

ಸ್ಕ್ರಿಪ್ಟು ಓಡಿತು. ಹೆಸರುಗಳು ಒಂದೊಂದಾಗಿ ಹಾಡುಗಳ ಪಕ್ಕ ಬಂದು ಕೂತವು. ಆದರೆ ಕೆಲವು ಪುಟಗಳಲ್ಲಿ ಲೆಕ್ಕ ತಪ್ಪಿತು. ಅಮ್ಮತ್ತಿಯ ಲೈನ್ ಮನೆಯ ಹೆಂಗಸಿನ ಹೆಸರೂ ಗಾಳಿಬೀಡಿನವರ ಹೆಸರೂ ಒಂದೇ ನಾಟಿ ಹಾಡಿಗೆ ಹೋಗಿ ಅಂಟಿಕೊಂಡವು. ಸ್ಕ್ರಿಪ್ಟಿಗೆ ಹಿಡಿಶಾಪ ಹಾಕುತ್ತ ಪರದೆಯ ಮೇಲೆ ಸ್ಕೇಲು ಇಟ್ಟವರು, ಅದನ್ನು ತೆಗೆದು ಪಕ್ಕಕ್ಕಿಟ್ಟರು.

ತಪ್ಪು ಅವರದೇ ಆಗಿತ್ತು. ಒಂದೇ ಪುಟದಲ್ಲಿ ಎರಡು ಚಿಕ್ಕ ಹಾಡುಗಳು ಬಂದ ಕಡೆ ಎರಡು ಬಾಕ್ಸು ಮೇಲೊಂದು ಕೆಳಗೊಂದು ಇಟ್ಟರೆ ಅಂಚು ಗಿಜಿಗಿಜಿ ಎನ್ನುತ್ತದೆಂದು, ಎರಡನ್ನೂ ಎಳೆದು ಪುಟದ ನಡುವೆ ಅಕ್ಕಪಕ್ಕ ಜೋಡಿಯಾಗಿ ಇಟ್ಟಿದ್ದರು. ಚೆಂದಕ್ಕೆ. ಯಾವ ಹೆಸರು ಯಾವ ಹಾಡಿನದು ಎಂದು ಆಗ ಗೊತ್ತಿತ್ತು, ಈಗ ಮರೆತಿತ್ತು. ಅಚ್ಚಾದ ಪುಸ್ತಕದಲ್ಲೂ ಹಾಗೆಯೇ ಇತ್ತು. ಕೈಬರಹದ ಪ್ರತಿಯನ್ನು ಗೆದ್ದಲು ಎಂದೋ ತಿಂದಿತ್ತು. ಪುಟ ಕಟ್ಟುವವರು ಮಾತ್ರ ಮಾಡಬಹುದಾದ ತಪ್ಪು ಅದು.

“ಅಂದಾಜು ಮಾಡೋಣ ಸಾರ್. ಎಡಗಡೆಯ ಬಾಕ್ಸು ಮೇಲಿನ ಹಾಡಿಗೆ, ಬಲಗಡೆಯದು ಕೆಳಗಿನದಕ್ಕೆ. ಬಹುಪಾಲು ಸರಿಯಾಗುತ್ತದೆ” ಎಂದೆ.

“ಆಸ್ಪತ್ರೇಲಿ ಕೂಸು ಅದಲುಬದಲಾದ್ರೂ ಅಂದಾಜಿಗೇ ಹಂಚ್ತೀಯೇನು?” ಎಂದು ಎದ್ದು ಛತ್ರಿ ತೆಗೆದುಕೊಂಡರು.

ಹೀಗೆ ನಾವು ಬಸ್ಸು ಹತ್ತಿ ಊರೂರು ಅಲೆದೆವು. ಅಮ್ಮತ್ತಿಯಲ್ಲಿ ಒಬ್ಬರು ತೀರಿಹೋಗಿದ್ದರು, ಅವರ ಮಗಳು ಹಾಡು ಕೇಳಿದ ಕೂಡಲೇ “ಇದು ನಮ್ಮಮ್ಮಂದೇ, ಕಾಫಿ ಪಿಕಿಂಗಿಗೆ ಹೋಗುವಾಗ ಹೇಳ್ತಿದ್ರು” ಎಂದು ಕಣ್ಣೊರೆಸಿಕೊಂಡಳು. ಗಾಳಿಬೀಡಿನ ಅಜ್ಜಿ ಅಂಗಳದಲ್ಲಿ ಕರಿಮೆಣಸು ಹರವುತ್ತ ಕೂತಿದ್ದರು. ನಾವು ಎರಡು ಹಾಡುಗಳನ್ನೂ ಓದಿದೆವು. ಮೊದಲನೆಯದಕ್ಕೆ ಅವರು ತಲೆಯೆತ್ತಲಿಲ್ಲ. ಎರಡನೆಯದರ ಮೊದಲ ಸಾಲು ಮುಗಿಯುವ ಮೊದಲೇ, “ನೀವು ಓದ್ದ್ ಸರಿ ಇಲ್ಲೆ” ಎಂದು ತಾವೇ ಹಾಡತೊಡಗಿದರು. ಮೆಣಸಿನ ಮೇಲೆ ಆಡುತ್ತಿದ್ದ ಕೈ ಹಾಡಿಗೆ ತಕ್ಕಂತೆ ಓಡಿತು. ಆಗ ಇವರು, ಜಿಲ್ಲೆಗೆ ಒಬ್ಬನೇ ಎಂದು ಹೇಳಿಕೊಳ್ಳುವ ಈ ಮನುಷ್ಯ, ಕೊಟ್ಟ ಕುರ್ಚಿಯಿಂದ ಎದ್ದು ನಿಂತರು. ಹಾಡು ಮುಗಿಯುವವರೆಗೂ ನಿಂತೇ ಇದ್ದರು.

“ನನ್ನ ಹೆಸ್ರ್ ಪುಸ್ತಕಲಿ ಉಟ್ಟಾ?” ಅಜ್ಜಿ ಕೇಳಿದರು, ಹೆಸರು ಇದೆಯೇ ಎಂದು. ಆ ಪುಸ್ತಕವನ್ನು ಅವರಿಗೆ ಯಾರೂ ಕೊಟ್ಟೇ ಇರಲಿಲ್ಲ! ಇವರು ಪುಟ ತೆಗೆದು ಬಾಕ್ಸು ತೋರಿಸಿದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬೆರಳನ್ನು ಸೀರೆಗೆ ಒರೆಸಿಕೊಂಡು ಆ ಬಾಕ್ಸಿನ ಮೇಲೆ ಇಟ್ಟರು.

“ಇನ್ಮೇಲೆ ಫೋನಲ್ಲೂ ಬರ್ತದೆ ತಾಯಿ. ಮೊಮ್ಮಕ್ಕಳಿಗೆ ಹೇಳಿ ತೆಗೆಸಿ ನೋಡಿ. ನಿಮ್ಮ ಹಾಡು, ಪಕ್ಕದಲ್ಲಿ ನಿಮ್ಮ ಹೆಸರು. ನಾನು ಮಾತು ಕೊಡ್ತೀನಿ.”

ಮಾತು ಕೊಟ್ಟರು. ಹೋದ ಮನೆಯಲ್ಲೆಲ್ಲ ಇದನ್ನೇ ಹೇಳಿದರು. ಸಮಿತಿಯವರು ನೆನಪಿಟ್ಟುಕೊಳ್ಳಬೇಕಾದದ್ದು ಇದನ್ನು.

ಎಲ್ಲ ಸರಿಮಾಡಿ ಫೈಲು ಒಪ್ಪಿಸಿದೆವು. ಒಂದು ವಾರಕ್ಕೆ ಕಾರ್ಯದರ್ಶಿಗಳ ಕರೆ ಬಂತು. ಪುಸ್ತಕವನ್ನು ಜಾಲತಾಣದಲ್ಲಿ ಇಡುವ ಕೆಲಸವನ್ನು ಅವರು ನಗರದ ಒಂದು ಸಂಸ್ಥೆಗೆ ಕೊಟ್ಟಿದ್ದರು. ಅಂಥವರ ಬಳಿ ಸ್ಕೀಮಾ ಎಂಬ ನಿಯಮಾವಳಿ ಇರುತ್ತದೆ, ಅದರಲ್ಲಿ ಹೇಳಿದ ಟ್ಯಾಗುಗಳನ್ನು ಮಾತ್ರ ಬಳಸಬೇಕು. ಶೀರ್ಷಿಕೆ ಇತ್ತು, ಸಂಪಾದಕ ಇತ್ತು, ಪ್ರಕಾಶಕ ಇತ್ತು, ‘ಹಾಡಿದವರು’ ಎಂಬುದು ಮಾತ್ರ ಇರಲಿಲ್ಲ. ಹಾಗಾಗಿ ಪ್ರತಿ ಹೆಂಗಸಿನ ಹೆಸರಿನ ಮುಂದೂ ಕೆಂಪು ಅಕ್ಷರದಲ್ಲಿ ‘ದೋಷ’ ಎಂದು ಬಂದಿತ್ತು. ಒಂದು ಟ್ಯಾಗ್ ಸೇರಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ ಎಂದು ವಿವರಿಸಿದೆ. ನಗರದವರು ಸ್ಕೀಮಾ ಮುಟ್ಟಲು ಒಪ್ಪುವುದಿಲ್ಲವಂತೆ. ಬಿಡುಗಡೆ ಸಮಾರಂಭ ಹತ್ತಿರ ಬಂದಿದೆಯಂತೆ. ಮಂತ್ರಿಗಳು ಬರುತ್ತಾರಂತೆ. ವರದಿಯಲ್ಲಿ ದೋಷ ಸೊನ್ನೆ ಇರಬೇಕಂತೆ.

ಸೊನ್ನೆ ಮಾಡಿಯೇಬಿಟ್ಟರು. ಒಂದೇ ಒಂದು ಸಾಲಿನ ಸ್ಕ್ರಿಪ್ಟು ಅದಕ್ಕೆ ಸಾಕು. ಆ ಟ್ಯಾಗ್ ಎಲ್ಲಿದ್ದರೂ ಹುಡುಕು, ಒಳಗಿದ್ದದ್ದರ ಸಮೇತ ಅಳಿಸು. ಅಮ್ಮತ್ತಿಯ ಬಸ್ಸು, ಗಾಳಿಬೀಡಿನ ಅಂಗಳ, ಕಣ್ಣೊರೆಸಿಕೊಂಡ ಮಗಳು, ಎಲ್ಲ ಒಂದು ಎಂಟರ್ ಕೀಲಿಗೆ ಹೋದವು. ಸಮಿತಿಯ ಪದಾಧಿಕಾರಿಗಳ ಹೆಸರುಗಳು ಮಾತ್ರ ಸುರಕ್ಷಿತವಾಗಿದ್ದವು. ಅವರು ‘ಸಂಪಾದಕ’ ಎಂಬ ಟ್ಯಾಗಿನೊಳಗೆ ಬೆಚ್ಚಗೆ ಕೂತಿದ್ದರು.

ಇವರು ಕಾರ್ಯದರ್ಶಿಗಳ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ.

“ಹೆಂಗಸ್ರ ಹೆಸರು ಎಲ್ಲಿ ಸ್ವಾಮಿ?”

“ನೋಡಿ, ಹಾಡುಗಳೆಲ್ಲ ಬಂದಿದ್ದಾವಲ್ಲ. ಜನಪದ ಅಂದ್ರೆ ಎಲ್ಲರದ್ದೂ. ಹಾಡಿದವರು ಯಾರಾದ್ರೆ ಏನು?”

“ಯಾರಾದ್ರೆ ಏನು?” ಎಂದು ಇವರು ಸ್ಕೇಲಿನಿಂದ ಮೇಜಿಗೆ ಒಂದು ಕೊಟ್ಟರು. “ಹಂಗಾದ್ರೆ ಸಂಪಾದಕರು ಯಾರಾದ್ರೆ ಏನು? ನಿಮ್ಮ ಹೆಸರೂ ತೆಗೀರಿ. ನಾನು ಮನೆಮನೆಗೆ ಹೋಗಿ ಮಾತು ಕೊಟ್ಟು ಬಂದೀನಿ. ಆ ಅಜ್ಜಿ ಮೊಮ್ಮಗನ ಫೋನ್ ಹಿಡ್ಕೊಂಡು ಹುಡುಕ್ತಾಳೆ. ಅವಳ ಹೆಸರು ದೋಷ ಅಂತ ನಾನ್ ಹೇಳ್ಲಾ, ನೀವ್ ಹೇಳ್ತೀರಾ?”

“ನೀವು ಸುಮ್ಮನೆ ಭಾವುಕರಾಗ್ತಿದ್ದೀರಿ. ನಿಮ್ಮ ಹೆಸರನ್ನೂ ‘ತಾಂತ್ರಿಕ ನೆರವು’ ಅಂತ ಹಾಕಿದ್ದೇವೆ, ನೋಡಿದ್ರಾ?”

ಇವರ ದನಿ ಆಗ ತಗ್ಗಿತು. ಕೂಗಾಟಕ್ಕಿಂತ ಅದೇ ನನಗೆ ಹೆದರಿಕೆ ಹುಟ್ಟಿಸಿತು. “ಅದನ್ನ ತೆಗೀರಿ. ಹಾಡ್ದೋರ ಹೆಸರಿಲ್ಲದ ಕಡೆ ನನ್ನ ಹೆಸರು ಇರಕೂಡ್ದು.”

ಅದೊಂದು ಮಾತನ್ನು ಸಮಿತಿಯವರು ಕೂಡಲೇ ನಡೆಸಿಕೊಟ್ಟರು.

ಆಮೇಲೆ ಇವರು ಪತ್ರ ಬರೆದರು, ಫೋನ್ ಮಾಡಿದರು, ಬಿಡುಗಡೆಯ ದಿನ ಸಭಾಂಗಣದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿದರು. ಜನ ಅವರ ಪಕ್ಕದಿಂದ ಸರಿದು ಒಳಗೆ ಹೋದರು. ಗಾಳಿಬೀಡಿಗೆ ಮತ್ತೆ ಹೋಗಬೇಕು, ಅಜ್ಜಿಗೆ ವಿಷಯ ಹೇಳಬೇಕು ಎಂದು ಪ್ರತಿ ಸಲ ಸಿಕ್ಕಾಗಲೂ ಅನ್ನುತ್ತಿದ್ದರು. “ಯಾವ ಮುಖ ಹೊತ್ಕೊಂಡು ಹೋಗ್ಲಿ?” ಎಂದು ಅವರೇ ಮತ್ತೆ ಮುಂದೂಡುತ್ತಿದ್ದರು. ಯಾರಿಗೂ ತಲೆ ತಗ್ಗಿಸದವರು ಇದೊಂದಕ್ಕೆ ತಗ್ಗಿಸಿದರು. ಆ ಮಳೆಗಾಲ ಮುಗಿಯುವುದರೊಳಗೆ ಹೃದಯಾಘಾತವಾಗಿ ಹೋಗಿಬಿಟ್ಟರು. ಅವರ ಎದೆ ಮೊದಲಿಂದಲೂ ನಾಜೂಕಾಗಿತ್ತು ಎಂದು ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಕೊಟ್ಟ ಮಾತು ತಪ್ಪಿಸಿಬಿಟ್ಟರಲ್ಲ ಎಂಬ ಸಂಕಟ ಅವರನ್ನು ತಿಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಮತ್ತೆ ಸಭೆಗೆ ಬರುತ್ತೇನೆ. ಕಾರ್ಯದರ್ಶಿಗಳು ಕೊನೆಯಲ್ಲಿ ಒಂದು ಘೋಷಣೆ ಮಾಡಿದರು. ಡಿಜಿಟಲ್ ಪುಸ್ತಕದ ಮೊದಲಲ್ಲೇ ಇವರಿಗೆ ಒಂದು ಅರ್ಪಣೆಯ ಪುಟ ಬರುತ್ತದಂತೆ, ಫೋಟೋ ಸಮೇತ. “ನಗರದವರ ಸ್ಕೀಮಾದಲ್ಲಿ ಅರ್ಪಣೆ ಅನ್ನುವುದು ಇರಲಿಲ್ಲ. ಒಂದು ಫೋನ್ ಮಾಡಿದೆ, ಅರ್ಧ ಗಂಟೆಯಲ್ಲಿ ಸೇರಿಸಿಕೊಟ್ಟರು” ಎಂದು ಹೆಮ್ಮೆಯಿಂದ ಹೇಳಿದರು.

ಒಂದು ಫೋನು. ಅರ್ಧ ಗಂಟೆ. ನಾನು ಎದ್ದು ನಿಂತು, “ಆ ಫೋನು ಹಾಡಿದವರಿಗೆ ಯಾಕೆ ಮಾಡಲಿಲ್ಲ?” ಎಂದು ಕೇಳಿದೆ. ಯಾರೋ ನನ್ನ ಸೆರಗು ಹಿಡಿದು ಕೂರಿಸಲು ನೋಡಿದರು. ಇನ್ಯಾರೋ, “ಇದು ಆ ಮಾತಿಗೆ ಸಮಯವಲ್ಲ” ಎಂದರು. ಒಂದು ನಿಮಿಷ ಮೌನ ಆಚರಿಸಿ ಸಭೆ ಮುಗಿಸಿದರು. ಆ ಒಂದು ನಿಮಿಷ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಹೆಸರುಗಳಿರುವ ಫೈಲು ನನ್ನ ಬಳಿ ಇದೆ. ಹಕ್ಕು ಸಮಿತಿಯದು ಎನ್ನುತ್ತಾರೆ. ಕೇಳಿದವರಿಗೆಲ್ಲ ಕೊಡುತ್ತೇನೆ, ಕೇಸು ಹಾಕುವುದಾದರೆ ಹಾಕಲಿ.

ಜನ ಚದುರುತ್ತಿದ್ದಾಗ ಬಾಗಿಲಲ್ಲಿ ಗಾಳಿಬೀಡಿನ ಅಜ್ಜಿ ಕಂಡರು. ಪುಸ್ತಕದವರು ತೀರಿಕೊಂಡ ಸುದ್ದಿ ಊರಿಗೆ ತಲುಪಿತ್ತಂತೆ, ಬಸ್ಸು ತಡವಾಗಿತ್ತಂತೆ. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹೂ. ಮೊಮ್ಮಗ ಫೋನಿನಲ್ಲಿ ಹಾಡು ತೆಗೆದು ತೋರಿಸಿದ್ದಾನೆ, ಹೆಸರು ಇಲ್ಲ ಎಂದೂ ಹೇಳಿದ್ದಾನೆ. ನಾನು ಆ ಮಾತು ತೆಗೆಯಲು ಹೋದರೆ ಕೈ ಅಡ್ಡ ಮಾಡಿ, “ಅವರ್ ಬಂದ್ ಕೇಳ್ದೊ ಅಲ, ಅಷ್ಟ್ ಸಾಕ್” ಎಂದರು. ಸಾಕಂತೆ! ಅವರಿಗೆ ಸಾಕಿರಬಹುದು, ನನಗೆ ಸಾಲದು.

ಫೋಟೋದ ಮುಂದೆ ಹೂ ಇಟ್ಟರು. ಫೋಟೋದ ಕೆಳಗೆ ಹೆಸರು ದಪ್ಪ ಅಕ್ಷರದಲ್ಲಿತ್ತು, ಅವರಿಗೆ ಓದಲು ಬರುವುದಿಲ್ಲ. ನನ್ನ ಕಡೆ ತಿರುಗಿದರು.

“ಇವರ ಹೆಸ್ರ್ ಎಂತ? ನನ್ನ ಹೆಸ್ರ್ ಕೇಳಿ ಬರ್ಕೊಂಡ್ ಹೋದೊ. ಅವರ್ದ್ ಹೇಳ್ಲೇ ಇಲ್ಲೆ.”

ನಾನು ಬಗ್ಗಿ ಕಿವಿಯ ಹತ್ತಿರ ಹೇಳಿದೆ. ಅಜ್ಜಿ ಅದನ್ನು ಒಮ್ಮೆ ತಾವೂ ಹೇಳಿ ನೋಡಿಕೊಂಡರು. ಹಾಡಿದ ಎಲ್ಲರ ಹೆಸರು ಪುಸ್ತಕಕ್ಕೆ ಮರಳುವವರೆಗೆ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಡಿದವರ ಹೆಸರಿಲ್ಲದ ಕಡೆ ತಮ್ಮ ಹೆಸರು ಇರಕೂಡದು ಎಂದವರು ಅವರೇ, ಸಮಿತಿಯವರು ಮರೆತರೂ ನಾನು ಮರೆತಿಲ್ಲ. ಅಜ್ಜಿಯ ಹೆಸರು ಸೀತವ್ವ. ಊರು ಗಾಳಿಬೀಡು. ಆ ಪುಸ್ತಕದ ನಾಟಿ ಹಾಡು ಹಾಡಿದವರು ಅವರು.